ಐವತ್ತೈದು ಡಿಗ್ರಿಯ ಸುಳ್ಳು

ನೀಲಾ, ಅಂದು ನಿನ್ನ ವಾಟಿಗೆ ಬಿಸಿನೀರು ಸುರಿದವನು ನಾನೇ.

ಹದಿನೆಂಟು ವರ್ಷ ಈ ಮಾತನ್ನು ನುಂಗಿಕೊಂಡು ಕೂತೆ. ಆಗ ನಾನು ಗದಗಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮಾಸ್ತರ — ಮಕ್ಕಳು ಹೆದರುತ್ತಿದ್ದರು, ಅದು ನನಗೆ ಇಷ್ಟವೂ ಆಗಿತ್ತು. ನೀನು ಬೆಟಗೇರಿಯ ನೇಕಾರರ ಮನೆಯ ಹುಡುಗಿ. ಕಂಡದ್ದನ್ನು ಕಂಡಂತೆಯೇ ಬರೆಯುವ ಚಾಳಿ ನಿನ್ನದು.

ಶಾಖದ ಲೆಕ್ಕದ ಪಾಠ. ಮೂವತ್ತು ಡಿಗ್ರಿಯ ನೂರು ಗ್ರಾಂ ನೀರು, ಎಂಬತ್ತು ಡಿಗ್ರಿಯ ನೂರು ಗ್ರಾಂ ನೀರು. ದ್ರವ್ಯರಾಶಿ, ವಿಶಿಷ್ಟೋಷ್ಣ, ತಾಪದ ವ್ಯತ್ಯಾಸ ಮೂರನ್ನೂ ಗುಣಿಸಿ, ಒಂದು ಕಳೆದುಕೊಂಡದ್ದು ಇನ್ನೊಂದಕ್ಕೆ ಸಿಕ್ಕಿತೆಂದು ತೋರಿಸಿ, ಬೆರೆಸಿದರೆ ಐವತ್ತೈದು ಎಂದು ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆದಿದ್ದೆ. ನೀನು ಸ್ಟೀಲ್ ವಾಟಿಯಲ್ಲಿ ಬೆರೆಸಿ ನೋಡಿದರೆ ಐವತ್ತೆರಡು. ಮತ್ತೊಮ್ಮೆ ಮಾಡಿಸಿದೆ. ಮತ್ತೂ ಐವತ್ತೆರಡು.

"ಸರ್, ವಾಟಿ ಮುಟ್ಟಿ ನೋಡ್ರಿ, ಅದೂ ಬಿಸಿ ಆಗೇತಿ. ಅದು ತಿಂದ ಶಾಖ ನಿಮ್ಮ ಲೆಕ್ಕದಾಗ ಎಲ್ಲೈತ್ರಿ?"

ನಿನ್ನ ಮಾತು ಸರಿಯೆಂದು ಆ ಕ್ಷಣಕ್ಕೇ ಹೊಳೆಯಿತು — ಹೊಳೆಯದಿದ್ದರೆ ಇಷ್ಟು ಪಾಪವಾದರೂ ಅಂಟುತ್ತಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಐವತ್ತೈದೆಂದೇ ಬರೆದುಕೊಳ್ಳಿರೆಂದು ಗದರಿಸಿದೆ. ನೀನು ಥರ್ಮಾಮೀಟರ್ ಒರೆಸಲು ಅತ್ತ ತಿರುಗಿದಾಗ ನಾನು ಕೆಟಲ್ಲಿನಿಂದ ಬಿಸಿನೀರು ಸುರಿದೆ. ನೀರು ವಾಟಿಯ ಅಂಚಿಗೆ ಬಂದು ತುಳುಕುತ್ತಿತ್ತು. ಪಾಪ, ನಿನಗೆ ಪಾದರಸದ ಮೇಲಷ್ಟೇ ಗಮನ. ಐವತ್ತೈದು!

"ನೋಡಿದೇನವಾ? ನಿನ್ನ ಕಣ್ಣ ಸರಿ ಇಲ್ಲ."

ಬೈಗುಳ ಅಲ್ಲಿಗೇ ಮುಗಿಯಿತೆಂದುಕೊಂಡೆ. ನೀನು ಮನೆಗೆ ಹೋಗಿ ಹೇಳಿದೆಯಂತೆ. ಮಗ್ಗದ ಮೇಲೆ ಹರಿದ ಒಂದೇ ಎಳೆಯನ್ನು ದೂರದಿಂದಲೇ ಗುರುತಿಸುವ ನಿನ್ನಪ್ಪ ಮಗಳ ಕಣ್ಣನ್ನು ನಂಬಲಿಲ್ಲ, ನನ್ನನ್ನು ನಂಬಿದ. ಚಷ್ಮಾದ ಅಂಗಡಿಯವನು ನಂಬರ್ ಇಲ್ಲವೆಂದರೂ, "ಮಾಸ್ತರ ಹೇಳ್ಯಾರಂದ್ರ ಇರಬೇಕ್ರಿ" ಎಂದು ಪಟ್ಟು ಹಿಡಿದನಂತೆ. ಮರುವಾರ ನೀನು ಬರೀ ಗಾಜಿನ ಚಷ್ಮಾ ಹಾಕಿಕೊಂಡು ಬಂದೆ. ಬಗ್ಗಿದಾಗಲೆಲ್ಲ ಅದು ಮೂಗಿನಿಂದ ಜಾರುತ್ತಿತ್ತು. ಹುಡುಗರು ನಿನ್ನನ್ನು ಭೂತಗನ್ನಡಿ ಎಂದು ಕರೆದರು. ಎರಡು ವರ್ಷ ನಾನು ನಿನ್ನ ಬೆಂಚಿನ ಕಡೆ ನೋಡದೆ ಪಾಠ ಮಾಡಿದೆ. ಹೇಳಬಹುದಿತ್ತು, ಯಾವ ದಿನವಾದರೂ —

ಹೋದ ತಿಂಗಳು ಲಕ್ಷ್ಮೇಶ್ವರದ ಮದುವೆಯಲ್ಲಿ ಊಟಕ್ಕೆ ನೀನು ನನ್ನ ಪಕ್ಕವೇ ಕೂತೆ. ಈಗ ನೀನೂ ಮುಂಡರಗಿಯಲ್ಲಿ ಅದೇ ವಿಷಯ ಕಲಿಸುತ್ತೀಯಂತೆ.

"ಸರ್, ಥರ್ಮಾಕೋಲ್ ಸುತ್ತಿ ನೋಡೀನಿ, ಮುಚ್ಚಳ ಹಾಕಿ ನೋಡೀನಿ. ಏನ್ ಮಾಡಿದ್ರೂ ಐವತ್ತೈದು ಬರವಲ್ದು. ಸ್ಟೀಲ್ ವಾಟ್ಯಾಗ ಹೆಂಗ ತಂದ್ರಿ? ಅದು ನಿಮ್ಮ ಕೈಗುಣಾನ ಬಿಡ್ರಿ!"

ಪಂಕ್ತಿಯವರೆಲ್ಲ ಗೌರವದಿಂದ ನನ್ನತ್ತ ತಿರುಗಿದರು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಟ್ಟೆ.

"ಅಭ್ಯಾಸ ಬೇಕವಾ, ಅಭ್ಯಾಸ" ಎಂದೆ. ಇನ್ನೊಂದು ಹೋಳಿಗೆಯನ್ನೂ ಹಾಕಿಸಿಕೊಂಡೆ.

ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ನಿನ್ನ ವಿದ್ಯಾರ್ಥಿಗಳನ್ನೆಲ್ಲ ಪ್ರಯೋಗಾಲಯದಲ್ಲಿ ಕೂರಿಸಿರು. ಇಲ್ಲಿ ಬರೆದದ್ದನ್ನು ಅವರೆದುರು ನಿಂತು ಹೇಳುತ್ತೇನೆ. ಅವರು ಖಂಡಿತ ನಗುತ್ತಾರೆ, ನಗಲಿ. ನೀನು ನಗದಿದ್ದರೆ — ಅದನ್ನೂ ಕಣ್ಣಾರೆ ಕಂಡು ಬರುತ್ತೇನೆ.