ಪರದೆಯ ಮೇಲಿನ ಕೈ

ಮುನೀಂದ್ರ ದೊಡ್ಡಬಳ್ಳಾಪುರದ ಮಗ್ಗದ ಮನೆಯವನು. ಐಟಿಐ ಮುಗಿಸಿ ಬಾಶೆಟ್ಟಿಹಳ್ಳಿಯ ಒಂದು ಬಿಡಿಭಾಗಗಳ ಕಾರ್ಖಾನೆಗೆ ಎಲೆಕ್ಟ್ರಿಷಿಯನ್ ಆಗಿ ಸೇರಿದ್ದ. ಮೀಟಿಂಗ್ ಹಾಲಿನ ಪ್ರೊಜೆಕ್ಟರ್ ಒಂದು ಸಲ ಕೈಕೊಟ್ಟಾಗ ಅದನ್ನು ಸರಿಮಾಡಿದ್ದೇ ತಪ್ಪಾಯಿತು. ಅಂದಿನಿಂದ ಅದು ಅವನ ಕೊರಳಿಗೇ ಬಿತ್ತು.

ಕಂಪನಿಯ ಲ್ಯಾಪ್‌ಟಾಪಿನಲ್ಲಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. ಪ್ರೊಜೆಕ್ಟರ್ ಓಬೀರಾಯನ ಕಾಲದ್ದು. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಕೇಬಲ್ ಚುಚ್ಚಿದರೆ ಒಮ್ಮೆ ಪರದೆ ಕಪ್ಪಗೇ ಇರುತ್ತಿತ್ತು, ಇನ್ನೊಮ್ಮೆ ಚಿತ್ರದ ಅಂಚು ಕತ್ತರಿಸಿಹೋಗುತ್ತಿತ್ತು. ಈ ಪ್ರೊಜೆಕ್ಟರ್ ತನ್ನ ಅಳತೆಯನ್ನು ತಾನಾಗಿ ಲ್ಯಾಪ್‌ಟಾಪಿಗೆ ಹೇಳುವುದಿಲ್ಲ, ನಾವೇ ಕಮಾಂಡ್ ಟೈಪ್ ಮಾಡಿ ಹೇಳಬೇಕು ಎಂಬುದನ್ನು ಅವನು ಮೊಬೈಲಿನಲ್ಲಿ ಹುಡುಕಿ ಕಲಿತಿದ್ದ. ಪರದೆ ತುಂಬ ಚಿತ್ರ ಬಂದಾಗಲೆಲ್ಲ ಒಳಗೊಳಗೇ ಹಿಗ್ಗುತ್ತಿದ್ದ.

ಹೀಗಿರುವಾಗ ಒಂದು ದಿನ ತಗಡು ಒತ್ತುವ ಪ್ರೆಸ್ ಮಷೀನಿಗೆ ಸಿಕ್ಕಿ ಆಶಾರಾಣಿಯ ಬಲಗೈ ಬೆರಳುಗಳು ಹೋದವು. ದಿನಾ ಅವನ ಜೊತೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದ ಹೆಣ್ಣುಮಗಳು. ಕೈ ಒಳಗೆ ಹೋಗದಂತೆ ಅಡ್ಡ ಇರಬೇಕಾದ ಗಾರ್ಡ್ ಜಾಲರಿಯನ್ನು, ಕೆಲಸ ನಿಧಾನವಾಗುತ್ತದೆಂದು ಸೂಪರ್‌ವೈಸರೇ ಬಿಚ್ಚಿಸಿದ್ದ. ಅದು ಎಲ್ಲರಿಗೂ ಗೊತ್ತಿತ್ತು.

ಅವಳಿನ್ನೂ ಆಸ್ಪತ್ರೆಯಲ್ಲಿರುವಾಗಲೇ ಮೀಟಿಂಗ್ ಕರೆದರು. ಸಿಸಿಟಿವಿಯ ತುಣುಕನ್ನು ದೊಡ್ಡದಾಗಿ ನೋಡಬೇಕಂತೆ. ಮುನೀಂದ್ರ ಕೇಬಲ್ ಸಿಕ್ಕಿಸಿದ. ಪರದೆಯಲ್ಲಿ ಆಶಾರಾಣಿಯ ತಲೆ, ಹೆಗಲು ಕಂಡವು. ಕೆಳಗಿನ ಭಾಗ ಕತ್ತರಿಸಿಹೋಗಿತ್ತು.

"ಏನಪ್ಪಾ, ಕೆಳಗಡೆ ಕಟ್ ಆಗ್ತಿದೆಯಲ್ಲ?" ಎಂದರು ಎಚ್ಆರ್ ಮ್ಯಾನೇಜರ್ ಕೋದಂಡರಾಮಯ್ಯ. "ಕೈ ಇರೋ ಜಾಗಾನೇ ಕಾಣ್ತಿಲ್ಲ. ಸರಿ ಮಾಡು."

ಅಭ್ಯಾಸಬಲದಿಂದ ಅವನ ಬೆರಳುಗಳು ಕಮಾಂಡ್ ಒತ್ತಿದವು. ಚಿತ್ರ ಪೂರ್ತಿ ಬಂತು, ಕೈಯೂ ಬಂತು. ಪ್ರೆಸ್ ಇಳಿಯಿತು.

"ಇನ್ನೊಂದ್ಸಲ ಹಾಕು" ಎಂದರು ಕೋದಂಡರಾಮಯ್ಯ.

ಹಾಕಿದ. ಪರದೆಯ ಮೇಲಿದ್ದದ್ದೇ ಅವನ ಲ್ಯಾಪ್‌ಟಾಪಿನಲ್ಲೂ ಇತ್ತು. ಎತ್ತ ತಿರುಗಿದರೂ ಅದೇ. ಅಷ್ಟರಲ್ಲಿ ಕ್ಯಾಂಟೀನಿನಿಂದ ಬೋಂಡ ಬಂತು. ಸೂಪರ್‌ವೈಸರ್ ಚಟ್ನಿಗೆ ಅದ್ದಿಕೊಂಡು, "ನೋಡಿ ಸಾರ್, ಅವ್ಳ ಗಮನ ಎಲ್ಲೋ ಇದೆ. ಹಿಂದಕ್ಕೆ ಹೋಗು ಗುರು, ಅಲ್ಲೇ, ಅಲ್ಲೇ ನಿಲ್ಸು" ಎಂದ. ಬಾಯಿಂದ ಬೋಂಡದ ಚೂರು ಮೇಜಿನ ಮೇಲೆ ಬಿತ್ತು. ಯಾರೋ ನಕ್ಕರು. ಗಾರ್ಡಿನ ಮಾತನ್ನು ಒಬ್ಬರೂ ಎತ್ತಲಿಲ್ಲ.

ಮುನೀಂದ್ರ ಕಮಾಂಡ್ ಕೊಟ್ಟು ಪ್ರೊಜೆಕ್ಟರಿಗೆ ಹೋಗುವ ಚಿತ್ರವನ್ನು ನಿಲ್ಲಿಸಿಬಿಟ್ಟ. ಪರದೆ ಕಪ್ಪಾಯಿತು.

"ಏನಾಯ್ತೋ?" ಎಂದರು ಕೋದಂಡರಾಮಯ್ಯ.

"ಡಿಸ್‌ಪ್ಲೇ ಬರ್ತಿಲ್ಲ ಸಾರ್. ಇವತ್ತು ಆಗಲ್ಲ."

ಆ ಪ್ರೊಜೆಕ್ಟರಿನ ಹಣೆಬರಹ ಗೊತ್ತಿದ್ದವರು ನಂಬಿದರು. ಆದರೆ ಸೂಪರ್‌ವೈಸರ್ ಜೇಬಿಗೆ ಕೈಹಾಕಿದ. "ನನ್ನ ಮೊಬೈಲಲ್ಲಿದೆ ಬನ್ನಿ ಸಾರ್." ಎಲ್ಲರೂ ಕುರ್ಚಿ ಎಳೆದುಕೊಂಡು, ಎಣ್ಣೆಗೈಯಲ್ಲೇ, ಆ ಪುಟ್ಟ ಗಾಜಿನ ಮೇಲೆ ಹದ್ದುಗಳ ಹಾಗೆ ಬಗ್ಗಿದರು. ಮುನೀಂದ್ರ ಹೊರಗೆ ಹೋಗಿ ಕಾಂಪೌಂಡಿನ ಬಳಿ ವಾಂತಿ ಮಾಡಿಕೊಂಡ. ಅವರಿಗಿಂತ ಹೆಚ್ಚಾಗಿ ಕೈ ಕಾಣುವಂತೆ ಮಾಡಿದ ತನ್ನ ಬೆರಳುಗಳ ಮೇಲೇ ಅವನಿಗೆ ಹೇಸಿಗೆಯಾಗಿತ್ತು.

ಆಶಾರಾಣಿಯ ಅಜಾಗರೂಕತೆಯೇ ಅಪಘಾತಕ್ಕೆ ಕಾರಣವೆಂದು ತೀರ್ಮಾನವಾಯಿತು. ಸ್ವಲ್ಪ ದಿನ ಕಳೆದ ಮೇಲೆ ಕೋದಂಡರಾಮಯ್ಯ ಮತ್ತೆ ಕರೆಸಿದರು. "ಹೊಸ ಹುಡುಗೀರಿಗೆ ಸೇಫ್ಟಿ ಟ್ರೈನಿಂಗ್ ಇದೆ. ಆ ವಿಡಿಯೋನೇ ಹಾಕ್ಬಿಡು. ಭಯ ಇರ್ಲಿ."

"ನಾನು ಹಾಕಲ್ಲ ಸಾರ್."

"ಯಾಕೆ, ಕನೆಕ್ಟ್ ಆಗಲ್ವಾ?"

"ಆಗುತ್ತೆ ಸಾರ್. ಆವತ್ತೂ ಆಗ್ತಿತ್ತು, ನಾನೇ ಆಫ್ ಮಾಡಿದ್ದು. ಅಸಹ್ಯ ಆಯ್ತು."

ಅವರು ಅವನನ್ನು ದುರುಗುಟ್ಟಿ ನೋಡಿದರು. ಮರುದಿನವೇ ಅವನನ್ನು ಸಾಮಾನು ಇಡುವ ಸ್ಟೋರಿಗೆ ಹಾಕಿದರು. ಅಲ್ಲಿ ಗ್ರೀಸಿನ ಡಬ್ಬಗಳು, ಇಲಿಗಳ ನಾತ. ಟ್ರೈನಿಂಗಿಗೆ ಬೇರೆ ಯಾರೋ ಹೊಸ ಪ್ರೊಜೆಕ್ಟರ್ ತಂದು ಆ ವಿಡಿಯೋವನ್ನು ತೋರಿಸಿದರಂತೆ. ಆವತ್ತು ಊಟದ ಹೊತ್ತಿನಲ್ಲಿ ಹೊಸ ಹುಡುಗಿಯರು ಡಬ್ಬಿ ತೆರೆಯದೆ ಕೂತಿದ್ದನ್ನು ಮುನೀಂದ್ರ ಸ್ಟೋರಿನ ಬಾಗಿಲಿನಿಂದ ನೋಡಿದ.