ರೇಡಿಯೋ ಅಣ್ಣ ಕೇಳುತ್ತಿದ್ದ ಉಸಿರು

ಮೊನ್ನೆ ಹೆಡ್‌ಫೋನಿನ ವೈರು ಬಿಟ್ಟುಹೋಯಿತು. ನಾನೇ ಬೆಸುಗೆ ಹಾಕಿಕೊಳ್ಳೋಣವೆಂದು ಸೋಲ್ಡರಿಂಗ್ ಐರನ್ ಕಾಯಿಸಿ ಕೂತೆ. ತುದಿ ತಾಗಿದ್ದೇ ತಡ, ಸುಟ್ಟ ರಾಳದ ಹೊಗೆ ಎದ್ದು ಮೂಗಿಗೆ ಬಡಿಯಿತು. ಅಷ್ಟೇ... ಕೈಲಿದ್ದದ್ದನ್ನು ಕೆಳಗಿಟ್ಟೆ. ಆ ಹೆಡ್‌ಫೋನು ನನ್ನದಲ್ಲ, ರೇಡಿಯೋ ಅಣ್ಣನದು; ಆ ಹೊಗೆ ಅವರ ಅಂಗಡಿಯ ವಾಸನೆ.

ತಾಳವಾಡಿಯಲ್ಲಿ ನಾನು ಕಂಪ್ಯೂಟರ್ ಹೇಳಿಕೊಡುತ್ತಿದ್ದ ಕೋಣೆಗೂ ಅವರ ರಿಪೇರಿ ಅಂಗಡಿಗೂ ನಡುವೆ ಒಂದೇ ಗೋಡೆ. ರೇಡಿಯೋ ತರುವವರೇ ಇಲ್ಲದ ಕಾಲದಲ್ಲೂ ಜನ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ. ಮಿಕ್ಸಿ ತಂದವರಿಗೆ, "ಓಡ್ಸವ್ವ ವಸಿ, ಅದೇ ಯೋಳ್ತದೆ ಏನಾಗದೆ ಅಂತ" ಎನ್ನುತ್ತಿದ್ದರು. ಕಿವಿಯಿಂದಲೇ ರೋಗ ಪತ್ತೆಹಚ್ಚುವ ಮನುಷ್ಯ.

ಆಗ ನಾವೊಂದಿಷ್ಟು ಗೆಳೆಯರು, ಬೇರೆ ಬೇರೆ ಊರುಗಳಲ್ಲಿದ್ದುಕೊಂಡೇ, ಹಳೆಯ ಕಂಪ್ಯೂಟರುಗಳಿಗೆಂದು ಕನ್ನಡದ ಡೆಸ್ಕ್‌ಟಾಪ್ ಕಟ್ಟುತ್ತಿದ್ದೆವು. ಪೂರಾ ಸ್ವತಂತ್ರ ತಂತ್ರಾಂಶ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬೇಕಾದಂತೆ ಬದಲಾಯಿಸಬಹುದು. ದೂರದವರ ಜೊತೆ ಮಾತಾಡಲು, ಮುಖ ನೋಡಲು ಅದರಲ್ಲಿ ಯಾವ ತಂತ್ರಾಂಶ ಮೊದಲೇ ಕೂತಿರಬೇಕು ಎಂದು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಸಣ್ಣ ಕೆಲಸ ಎನ್ನಬೇಡಿ. ಬದಲಾಯಿಸಬಹುದು ಎಂದು ಎಷ್ಟೇ ಬಡಕೊಂಡರೂ ಸೆಟ್ಟಿಂಗ್ಸ್ ಯಾರೂ ಮುಟ್ಟುವುದಿಲ್ಲ. ನಾವು ಹಾಕಿಕೊಟ್ಟದ್ದೇ ಕೊನೆತನಕ.

ಅಣ್ಣನ ಅಕ್ಕ ಬೆಟ್ಟದಾಚೆಯ ಜೀರಹಳ್ಳಿಯಲ್ಲಿದ್ದರು. ಅಲ್ಲಿ ನಾವು ತೆರೆದಿದ್ದ ಓದುವ ಕೋಣೆಯನ್ನು ಗುಡಿಸುತ್ತಿದ್ದರು. ಆಕೆಯ ಬಳಿ ಫೋನಿರಲಿಲ್ಲ, ಆ ಮೂಲೆಗೆ ಸಿಗ್ನಲ್ಲೂ ಸರಿಯಿರಲಿಲ್ಲ. ಕೋಣೆಯ ಕಂಪ್ಯೂಟರಿಗೆ ಮಾತ್ರ ಇಂಟರ್ನೆಟ್ ಕೇಬಲ್ ಬಂದಿತ್ತು. ಅಣ್ಣ ದಿನಾ ಬೆಳಗ್ಗೆ ಎಂಟಕ್ಕೆ ನನ್ನ ಕೋಣೆಗೆ ಬಂದು ಕರೆ ಮಾಡುತ್ತಿದ್ದರು. ಅಕ್ಕನಿಗೆ ಉಬ್ಬಸ. ಕೇಳಿದರೆ ಬಾಯಿ ಬಿಡುವ ಹೆಂಗಸಲ್ಲ. ಪರದೆಯ ಮುಂದೆ ನೆಟ್ಟಗೆ ಕೂತು, ನಕ್ಕು, "ಚೆಂದಾಗಿವ್ನಿ ಕಣ್ಲಾ, ನಿನ್ ಅಂಗ್ಡಿ ನೋಡ್ಕೊ ಓಗು" ಎನ್ನುತ್ತಿದ್ದರು.

ಅದಕ್ಕೇ ಅಣ್ಣ ಮಾತನ್ನು ಕೇಳುತ್ತಲೇ ಇರಲಿಲ್ಲ. ಮಾತಿನ ನಡುವಿನ ಉಸಿರನ್ನು ಕೇಳುತ್ತಿದ್ದರು. ಎದೆಯಲ್ಲಿ ಸೀಟಿ ಎದ್ದಿದೆ ಅನ್ನಿಸಿದರೆ ಸಾಕು, ಅಂಗಡಿಗೆ ಬೀಗ ಜಡಿದು ಜೀರಹಳ್ಳಿಗೆ ಓಡಿ, ಅಕ್ಕನನ್ನು ಬಯ್ದು ಎಳಕೊಂಡು ಬಂದು ಆಸ್ಪತ್ರೆಯಲ್ಲಿ ಕೂರಿಸುತ್ತಿದ್ದರು. ನಾನು ಕಂಡಂತೆಯೇ ಎರಡು ಸಲ ಹಾಗೆ ಉಳಿಸಿಕೊಂಡರು.

ಅವರು ಬಳಸುತ್ತಿದ್ದದ್ದು ಹಳೆಯ ತಂತ್ರಾಂಶ. ಫ್ಯಾನು, ಕೋಳಿ, ಪೊರಕೆ ಎಲ್ಲದರ ಸದ್ದನ್ನೂ ಹೊತ್ತು ತರುತ್ತಿತ್ತು. ನಾನು ಮೆಚ್ಚಿದ ಹೊಸದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಗದ್ದಲವೆಂದು ಅಳಿಸಿ ಕಳಿಸುತ್ತಿತ್ತು. ಎರಡೂ ಕಡೆ ಅದನ್ನೇ ಹಾಕಿ, ಅಕ್ಕನ ಮಾತನ್ನು ಪರೀಕ್ಷೆಗೆಂದು ಮುದ್ರಿಸಿಕೊಂಡು ಗೆಳೆಯರಿಗೆ ಕಳಿಸಿದೆ. ಆಹಾ, ಎಂಥ ಸ್ವಚ್ಛ ದನಿ ಎಂದು ಎಲ್ಲರೂ ಹೊಗಳಿದರು. ನಾನಂತೂ ಉಬ್ಬಿಹೋದೆ.

ಅಣ್ಣ ಮಾತ್ರ ಹೆಡ್‌ಫೋನು ಒತ್ತಿ ಹಿಡಿದು ಮೂರು ಸಲ ಕೇಳಿದರು. "ಇದ್ರಲ್ಲಿ ದನಿ ಅದೆ, ಅಕ್ಕ ಇಲ್ಲ ಕಣವ್ವ" ಎಂದರು.

ನನಗೆ ನಗು ಬಂತು. ನನ್ನ ಬಾಯಿಗೆ ಬೆಂಕಿ ಹಾಕ! "ನಿಮಗೆ ರೇಡಿಯೋ ಗರಗರ ಇಲ್ಲದಿದ್ರೆ ನಿದ್ದೆ ಬರಲ್ಲ ಬುಡಣ್ಣ" ಎಂದೆ.

"ಆ ಅಳ್ಸೋದ್ನ ವಸಿ ನಿಲ್ಸಕ್ಕಾಗಲ್ವಾ?"

ಆಗುತ್ತಿತ್ತು. ಸೆಟ್ಟಿಂಗ್ಸಿನ ಒಳಗೆ ಒಂದು ಸ್ವಿಚ್ಚು, ಐದು ನಿಮಿಷದ ಕೆಲಸ. ಮುಂದಿನ ವಾರ ನೋಡೋಣ ಅಂದೆ. ಮುಂದಿನ ವಾರ ಪಾಠವಿತ್ತು, ಅದರ ಮುಂದಿನ ವಾರ ಇನ್ನೇನೋ... ಅಣ್ಣ ಇನ್ನೊಂದು ಸಲ ಕೇಳಿದರು. ಆಮೇಲೆ ಕೇಳಲಿಲ್ಲ. ಕರೆ ಮಾಡಿದಾಗ "ವಸಿ ಜೋರಾಗಿ ಉಸ್ರು ಬುಡಕ್ಕ" ಎಂದು ಗೋಗರೆಯುತ್ತಿದ್ದರು. ಆಕೆ ನಗುತ್ತಿದ್ದರು. ಉಸಿರು ಬೆಟ್ಟದಾಚೆಯೇ ಅಳಿಸಿಹೋಗುತ್ತಿತ್ತು.

ಚಳಿ ಬಿದ್ದ ಒಂದು ಬೆಳಗ್ಗೆ ನಾನೂ ಪಕ್ಕದಲ್ಲೇ ನಿಂತಿದ್ದೆ. "ಚೆಂದಾಗಿವ್ನಿ ಕಣ್ಲಾ" ಎಂದರು ಅಕ್ಕ. ಗಂಟೆ ಹೊಡೆದಂಥ ದನಿ. "ನೋಡಿದ್ರಾ ಅಣ್ಣ, ಎಷ್ಟು ಕ್ಲೀನಾಗಿದೆ!" ಎಂದೆ. ಅಣ್ಣ ಅಂಗಡಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಅಕ್ಕ ಪೊರಕೆ ಹಿಡಿದಲ್ಲೇ ಕುಸಿದಿದ್ದರು. ಬೆಳಗ್ಗೆಯಿಂದಲೂ ಎದೆ ಸೀಟಿ ಹೊಡೆಯುತ್ತಿತ್ತು, ಬೀದಿಗೂ ಕೇಳಿಸುತ್ತಿತ್ತು ಎಂದು ಅಲ್ಲಿಯವರು ಹೇಳಿದರು. ಜೀಪು ತಾಳವಾಡಿ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ತಿಥಿ ಮುಗಿಸಿ ಬಂದವರು, "ಆ ಸ್ವಿಚ್ಚು ಎಲ್ಲದೆ ತೋರ್ಸವ್ವ" ಎಂದರು, ಅಷ್ಟೇ. ತೋರಿಸಿ, ಆಫ್ ಮಾಡಿದೆ. ಜೀರಹಳ್ಳಿಗೂ ಕರೆದುಕೊಂಡು ಹೋಗಿ ಅಲ್ಲಿಯದನ್ನೂ ನನ್ನ ಕೈಯಲ್ಲೇ ಆಫ್ ಮಾಡಿಸಿದರು.

ಮಾರನೆಯ ಬೆಳಗ್ಗೆ ಎಂಟಕ್ಕೆ ಮತ್ತೆ ಬಂದರು. ಹೊಸದಾಗಿ ಗುಡಿಸಲು ಬಂದಿದ್ದ ಹೆಂಗಸು ಕರೆ ಎತ್ತಿ, ಹಾಗೇ ಬಿಟ್ಟು ತನ್ನ ಕೆಲಸಕ್ಕೆ ಹೋದಳು. ಪರದೆಯಲ್ಲಿ ಖಾಲಿ ಕುರ್ಚಿ. ಅಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಏನು ಕೇಳಿಸ್ತಿದೆ ಅಣ್ಣ?"

"ಪೊರ್ಕೆ ಕಣವ್ವ. ಫ್ಯಾನು. ಗುಬ್ಬಿ ಬಂದವೆ." ಹೆಡ್‌ಫೋನು ಒತ್ತಿ ಹಿಡಿದು, "ಈಗೆಲ್ಲ ಕೇಳ್ತದೆ" ಎಂದರು.

ದಿನಾ ಎಂಟಕ್ಕೆ, ಐದಾರು ವರ್ಷ, ಅವರು ಆ ಖಾಲಿ ಕುರ್ಚಿಗೆ ಕರೆ ಮಾಡಿದರು. ನಾನು ದಿನಾ ನೋಡಿದೆ. ಕ್ಷಮಿಸಿ ಅನ್ನಲು ಬಾಯಿ ಬರಲೇ ಇಲ್ಲ...

ಹೋದ ವರ್ಷ ಅಣ್ಣನೂ ಹೋದರು. ಹೆಡ್‌ಫೋನು ನನಗೇ ಸೇರಬೇಕು ಎಂದಿದ್ದರಂತೆ. ಅವರ ಹೆಂಡತಿ ತಂದುಕೊಟ್ಟರು.

ಈಗ ನಮ್ಮ ಡೆಸ್ಕ್‌ಟಾಪಿಗೆ ಮತ್ತೆ ಹೊಸ ತಂತ್ರಾಂಶ ಆರಿಸುತ್ತಿದ್ದೇವೆ. ಗದ್ದಲ ಅಳಿಸುವುದನ್ನು ಮೊದಲೇ ಆನ್ ಮಾಡಿಡೋಣ ತಾನೇ ಎಂದು ಗೆಳೆಯರು ಕೇಳಿದ್ದಾರೆ. ಬೆಸುಗೆ ಆರಿದ ಮೇಲೆ ಹೆಡ್‌ಫೋನು ಹಾಕಿಕೊಂಡು ಅಕ್ಕನ ಆ ಹಳೆಯ ಧ್ವನಿಮುದ್ರಣ ತೆರೆದೆ. "ಚೆಂದಾಗಿವ್ನಿ ಕಣ್ಲಾ..." ಮಾತು ಮುಗಿದ ಮೇಲಿನ ಜಾಗವನ್ನು ದೊಡ್ಡದು ಮಾಡಿ ಮಾಡಿ ಕೇಳಿದೆ. ನನಗೆ ಗೊತ್ತಿರುವ ವಿದ್ಯೆಯನ್ನೆಲ್ಲ ಹಚ್ಚಿದೆ. ಉಸಿರು, ಉಳಿಸಿಕೊಳ್ಳುವ ಮೊದಲೇ ಅಳಿಸಿದ್ದು. ಅಡಿಯಲ್ಲಿ ಏನೂ ಇಲ್ಲ.

ಬೇಡ ಎಂದು ಗೆಳೆಯರಿಗೆ ಬರೆದೆ. ಕಾರಣ ಕೇಳಿದ್ದಾರೆ. ಅಣ್ಣ ಇದ್ದಿದ್ದರೆ ಈ ಹೆಡ್‌ಫೋನು ಅವರ ಕಿವಿಗೆ ಕೊಟ್ಟು, ನೀವೇ ಹೇಳಿ ಎನ್ನುತ್ತಿದ್ದೆ.