ಕಿವಿಯಕ್ಕನ ಕಾರಿನಲ್ಲಿ ಜೇನು

ಕಿವಿಯಕ್ಕ ಎಂದರೆ ಆ ಊರಿನ ಅರ್ಧ ಜನಕ್ಕೆ ಗೊತ್ತು. ಉಳಿದರ್ಧ ಜನಕ್ಕೆ ಇನ್ನೂ ಕಿವಿ ಸರಿಯಾಗಿ ಕೇಳುತ್ತಿದೆ, ಅದಕ್ಕೇ ಗೊತ್ತಿಲ್ಲ. ಕಿವಿ ಮಂದವಾದವರಿಗೆ ಮಷಿನ್ ಹಾಕಿ, ಅದನ್ನು ಅವರವರ ಕಿವಿಗೆ ತಕ್ಕಂತೆ ಹದ ಮಾಡಿಕೊಡುವುದು ಅವಳ ಕೆಲಸ. ಹದ ಮಾಡುವುದೆಂದರೆ ತಿರುಪು ತಿರುಗಿಸುವುದಲ್ಲ. ಮಷಿನ್ನಿಗೆ ಕೂದಲೆಳೆಯಂಥ ವೈರು ಸಿಕ್ಕಿಸಿ, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ತೆರೆಯ ಮೇಲೆ ಕಾಣುವ ಗೆರೆಯನ್ನು ಇಲ್ಲಿ ಚೂರು ಏರಿಸಿ ಅಲ್ಲಿ ಚೂರು ಇಳಿಸಬೇಕು. ಗೆರೆಯ ಎಡಗಡೆ ದಪ್ಪ ದನಿಗಳು, ಬಲಗಡೆ ಸಣ್ಣ ಚೂಪು ದನಿಗಳು. ಎಡದಲ್ಲಿ ಲಾರಿ, ಬಲದಲ್ಲಿ ಗುಬ್ಬಿ ಎಂದು ಅವಳು ಮಕ್ಕಳಿಗೆ ಹೇಳಿಕೊಡುತ್ತಿದ್ದಳು.

ಮೊದಲು ಅವಳು ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಕೂರುತ್ತಿದ್ದಳು. ಗೋಡೆಗೆಲ್ಲ ದಪ್ಪ ಮೆತ್ತೆ ಹೊಡೆದ ಕೋಣೆ, ಒಳಗೆ ಕೂತರೆ ತನ್ನ ಉಸಿರೇ ತನಗೆ ಕೇಳುವಷ್ಟು ಮೌನ. ಹನ್ನೆರಡು ವರ್ಷ ಹಾಗೇ ಕಳೆಯಿತು. ಒಂದು ದಿನ ಎರಡು ಬಸ್ಸು ಬದಲಾಯಿಸಿ ಬಂದಿದ್ದ ಅಜ್ಜಿಯೊಬ್ಬಳು, "ನಿನ್ನ ಈ ಗವಿಯಲ್ಲಿ ಎಲ್ಲಾ ಚೆನ್ನಾಗೇ ಕೇಳತ್ತೆ ಮಗಳೇ. ಆದ್ರೆ ನಾನಿರೋದು ಮನೇಲಿ, ಗವೀಲಲ್ಲ" ಎಂದಳು. ಆ ಮಾತು ನಾಟಿತು. ಮುಂದಿನ ತಿಂಗಳೇ ಕೆಲಸ ಬಿಟ್ಟು, ಹಳೆಯ ಕಾರೊಂದನ್ನು ಕೊಂಡು, ಮನೆಮನೆಗೆ ಹೊರಟಳು.

ಆದರೆ ಮನೆಗಳೆಂದರೆ ಮನೆಗಳೇ. ಒಳಗೆ ಕುಕ್ಕರ್ ಕೂಗುತ್ತದೆ, ಟಿವಿ ಅರಚುತ್ತದೆ, ಮೊಮ್ಮಕ್ಕಳು ಮಂಚದ ಮೇಲೆ ಕುಣಿಯುತ್ತಾರೆ. ಲ್ಯಾಪ್‌ಟಾಪಿಗೆ ಪ್ಲಗ್ ಕೇಳಿದರೆ ಅದು ಬೀರುವಿನ ಹಿಂದೆ ಇರುತ್ತದೆ, ಬೀರು ಸರಿಸಿದರೆ ಆ ಮನೆಯ ನಾಲ್ಕು ವರ್ಷದ ಧೂಳೆಲ್ಲ ಎದ್ದು ನಮಸ್ಕಾರ ಹೇಳುತ್ತದೆ. ಬೀದಿಯಲ್ಲೆಲ್ಲ ಸದ್ದಿಲ್ಲದ ಜಾಗ ಯಾವುದು ಎಂದು ಹುಡುಕಿ ಸಾಕಾಗಿ ಅವಳು ಕಾರಿನಲ್ಲಿ ಕೂತು ಬಾಗಿಲು ಎಳೆದುಕೊಂಡಾಗ ಗೊತ್ತಾಯಿತು: ಗಾಜು ಏರಿಸಿದ ಕಾರಿಗಿಂತ ಮೌನವಾದ ಕೋಣೆ ಇನ್ನೊಂದಿಲ್ಲ. ಅಂದಿನಿಂದ ಹಿಂದಿನ ಸೀಟೇ ಅವಳ ಆಸ್ಪತ್ರೆ. ಗಿರಾಕಿಯೇ ಮನೆಯಿಂದಾಚೆ ಬಂದು ಕಾರು ಹತ್ತಬೇಕು.

ಮುಂದಿನ ಸೀಟು ಮಾತ್ರ ಅತ್ತೆಯದು. ಅತ್ತೆ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆಗೆ ಹೆಡ್‌ಫೋನ್ ಹಾಕಿಕೊಂಡು ಊರಿನವರ ಮಾತನ್ನೆಲ್ಲ ಜೋಡಿಸಿದವಳು. ಈಗ ಅವಳ ಎಡಗಿವಿಯಲ್ಲೂ ಮಷಿನ್ ಇತ್ತು, ಸೊಸೆಯದೇ ಕೈಗುಣ. ಮನೆಯಲ್ಲಿ ಒಬ್ಬಳೇ ಗೋಡೆ ನೋಡುವುದು ಯಾಕೆ ಎಂದು ದಿನವೂ ಜೊತೆಗೆ ಬರುತ್ತಿದ್ದಳು. ಬಂದವಳು ಸುಮ್ಮನೆ ಕೂರುವ ಜಾತಿಯಲ್ಲ. ಕಾರಿನ ಕರೆಂಟಿನ ಉಸ್ತುವಾರಿಯನ್ನೆಲ್ಲ ತಾನೇ ವಹಿಸಿಕೊಂಡಳು.

ಆ ಕಾರಿನ ಗೇರಿನ ಮುಂದೆ ಒಂದು ತೂತು. ಹಿಂದಿನ ಕಾಲದಲ್ಲಿ ಜನ ಅಲ್ಲಿ ಸಿಗರೇಟು ಹೊತ್ತಿಸುತ್ತಿದ್ದರು. ಅತ್ತೆ ಸೊಸೆ ಅಲ್ಲಿ ಇಡೀ ಸಂಸಾರ ನಡೆಸುತ್ತಿದ್ದರು. ಅದಕ್ಕೆ ಕವಲು ಪ್ಲಗ್. ಒಂದು ಕವಲಿನಲ್ಲಿ ಅರ್ಧ ಇಟ್ಟಿಗೆಯಷ್ಟು ದಪ್ಪದ ಡಬ್ಬಿ, ಅದು ಕಾರಿನ ಕರೆಂಟನ್ನು ಮನೆಯ ಕರೆಂಟಾಗಿ ಮಾಡಿ ಲ್ಯಾಪ್‌ಟಾಪಿಗೆ ಉಣಿಸುತ್ತಿತ್ತು. ಇನ್ನೊಂದರಲ್ಲಿ ಇಬ್ಬರ ಫೋನು, ಗಿರಾಕಿಗಳಿಗೆ ಕೊಡುವ ಮಷಿನ್ನುಗಳ ಪುಟ್ಟ ಚಾರ್ಜಿಂಗ್ ಪೆಟ್ಟಿಗೆ. ಮೊದಲ ವಾರ ಎಂಜಿನ್ ನಿಲ್ಲಿಸಿ ಎರಡು ಗಂಟೆ ಇದೆಲ್ಲವನ್ನೂ ಒಟ್ಟಿಗೆ ಚಾರ್ಜಿಗೆ ಹಾಕಿದ್ದರು. ಕೊನೆಗೆ ಕಾರು ಕೆಮ್ಮಲೂ ಇಲ್ಲ. ಆಗಷ್ಟೇ ಮಷಿನ್ ಹಾಕಿಸಿಕೊಂಡಿದ್ದ ಎಂಬತ್ತರ ಮುದುಕ ಇಳಿದು ಕಾರು ತಳ್ಳುತ್ತಾ, "ಅಕ್ಕಾ, ನನ್ನ ಮಂಡಿ ಲಟಲಟ ಅನ್ನೋದು ಈಗ ಎಷ್ಟು ಚೆನ್ನಾಗಿ ಕೇಳಿಸ್ತಾ ಇದೆ!" ಎಂದು ಖುಷಿಪಟ್ಟಿದ್ದ. ಅಂದೇ ಅತ್ತೆ ಕಾನೂನು ಹೊರಡಿಸಿದಳು: ಮೊದಲು ಎಂಜಿನ್, ಆಮೇಲೆ ಪ್ಲಗ್. ಎಂಜಿನ್ ನಿಂತ ಮೇಲೆ ಅರ್ಧ ಗಂಟೆ, ಒಂದು ನಿಮಿಷ ಹೆಚ್ಚಿಲ್ಲ.

ಪೇಟೆಯವರೆಲ್ಲ ಮಾವ ಎಂದೇ ಕರೆಯುವ ಗಡಿಯಾರ ರಿಪೇರಿಯವನು ಇವರ ಬದುಕಿಗೆ ಬಂದದ್ದು ಆ ಡಬ್ಬಿ ಕೊಂಡು ಎರಡು ತಿಂಗಳಾದ ಮೇಲೆ. ಪೇಟೆಬೀದಿಯಲ್ಲಿ ಬಾಗಿಲಷ್ಟೇ ಅಗಲದ ಅಂಗಡಿ, ಗೋಡೆ ತುಂಬ ಗಡಿಯಾರ, ಪಕ್ಕದ ಅಂಗಡಿಯಲ್ಲಿ ಮರ ಕೊಯ್ಯುವ ಗರಗಸ. ಐವತ್ತು ವರ್ಷದಿಂದ ಮಾವ ಗಡಿಯಾರದ ರೋಗವನ್ನು ಕಿವಿಯಿಂದ ಹಿಡಿದವನು. ಕೈಗಡಿಯಾರವನ್ನು ಬಲಗಿವಿಗೆ ಒತ್ತಿ ಕಣ್ಣು ಮುಚ್ಚಿದರೆ ಸಾಕು, ಒಳಗಿನ ಯಾವ ಚಕ್ರ ಸೋಮಾರಿ ಎಂದು ಹೇಳಿಬಿಡುತ್ತಿದ್ದ. ಈಗ ಕಿವಿಗೊತ್ತಿದರೆ ಬರೀ ಲೋಹದ ತಂಪು, ಸದ್ದಿಲ್ಲ. ಅವನು ಮಗಳಿಗೆ ಹೇಳಿಬಿಟ್ಟಿದ್ದ: "ಈ ಮಷಿನ್ ಹಾಕಿದ ಮೇಲೂ ಟಿಕ್‌ಟಿಕ್ ಕೇಳಿಸ್ಲಿಲ್ಲ ಅಂದ್ರೆ ನಾನು ಇನ್ಮೇಲೆ ಯಾರ ಗಡಿಯಾರಾನೂ ಮುಟ್ಟಲ್ಲ. ಕೇಳಿಸದೆ ಜನರ ಗಡಿಯಾರ ಬಿಚ್ಚೋದು ಮೋಸ."

ಮೊದಲ ದಿನ ಹಿಂದಿನ ಸೀಟಿನಲ್ಲಿ ಮಾವ ಮುಖ ಕಿವುಚಿದ.

"ಏನಮ್ಮ, ನಿನ್ನ ಕಾರಲ್ಲಿ ಜೇನು ಕಟ್ಟಿದೆಯಾ? ಗುಂಯ್ ಅಂತಾ ಇದೆಯಲ್ಲ."

"ಹೊಸದರಲ್ಲಿ ಹಾಗೇ ಮಾವ. ಇರಿ, ಅದನ್ನ ಓಡಿಸ್ತೀನಿ."

ಕಿವಿಯಕ್ಕ ಗೆರೆಯ ಬಲತುದಿಯನ್ನು ಇಳಿಸಿದಳು. ಇನ್ನೂ ಗುಂಯ್. ಇನ್ನಷ್ಟು ಇಳಿಸಿದಳು. ಈಗ ಇಲ್ಲ. ಮಾವನ ಮುಖ ಅರಳಿತು. ಆ ವಾರ ಇನ್ನೂ ಮೂರು ಜನ ಇದೇ ಜೇನಿನ ದೂರು ಹೇಳಿದರು, ಮೂವರದ್ದನ್ನೂ ಅವಳು ಹಾಗೇ ಓಡಿಸಿದಳು.

ನಾಲ್ಕನೇ ದಿನ ಮಾವನ ಮಗಳ ಫೋನು ಬಂತು. "ಅಕ್ಕಾ, ಅಪ್ಪನಿಗೆ ನಾನು ಮಾತಾಡೋದು ಕೇಳಿಸತ್ತೆ, ಬೀದಿಯ ಜಗಳ ಕೇಳಿಸತ್ತೆ. ಗಡಿಯಾರ ಒಂದು ಬಿಟ್ಟು ಎಲ್ಲಾ ಕೇಳಿಸತ್ತೆ. ನಿನ್ನೆಯಿಂದ ಬಂದವರನ್ನೆಲ್ಲ ವಾಪಸ್ ಕಳಿಸ್ತಾ ಇದ್ದಾರೆ. ಸುಮ್ಮನೆ ಕೂತಿರ್ತಾರೆ, ನೋಡೋಕಾಗಲ್ಲ."

ಕಿವಿಯಕ್ಕ ಅಂಗಡಿಯ ಎದುರಿಗೆ, ಬೀದಿಯ ಆಚೆ ಬದಿಯಲ್ಲಿ ಕಾರು ನಿಲ್ಲಿಸಿ, ಇಳಿಯದೆ ಲ್ಯಾಪ್‌ಟಾಪ್ ತೆರೆದು ಮಾವನ ಗೆರೆ ನೋಡಿದಳು. ಬಲತುದಿಯಲ್ಲಿ ಹಳ್ಳ. ಗಡಿಯಾರದ ಟಿಕ್‌ಟಿಕ್ ಇರುವುದೇ ಅಲ್ಲಿ. ಜೇನನ್ನು ಓಡಿಸುವ ಭರದಲ್ಲಿ ಗಡಿಯಾರವನ್ನೂ ಓಡಿಸಿಬಿಟ್ಟಿದ್ದಳು. ಹಳ್ಳ ತುಂಬಿದರೆ ಜೇನು ಮತ್ತೆ ಬರುತ್ತದೆ. ಆಸ್ಪತ್ರೆಯಲ್ಲಿದ್ದಾಗ ಹನ್ನೆರಡು ವರ್ಷದಲ್ಲಿ ಯಾರೂ ಜೇನು ಅಂದಿರಲಿಲ್ಲ. ಈ ಎರಡು ತಿಂಗಳಲ್ಲಿ ಎಷ್ಟೋ ಜನ, ಈ ವಾರವೊಂದರಲ್ಲೇ ನಾಲ್ವರು!

"ಅತ್ತೆ, ಸ್ವಲ್ಪ ಹಿಂದೆ ಬಂದು ಕೂತ್ಕೊಳ್ಳಿ."

"ಯಾಕೆ, ನನ್ನ ಸೀಟು ಯಾರಿಗೆ ಬರೆದುಕೊಡ್ತೀಯ?"

"ಬನ್ನಿ ಅತ್ತೆ, ನಿಮ್ಮ ಕಿವಿ ಬೇಕು."

ಗೊಣಗುತ್ತಲೇ ಅತ್ತೆ ಹಿಂದೆ ಬಂದಳು. ಸೊಸೆ ಅವಳ ಮಷಿನ್ನಿಗೆ ವೈರು ಸಿಕ್ಕಿಸಿದ್ದೇ ತಡ, ಅತ್ತೆ ಕೈ ಎತ್ತಿದಳು. ಎಕ್ಸ್‌ಚೇಂಜಿನ ಗತ್ತು ಬಂದುಬಿಟ್ಟಿತ್ತು.

"ಲೈನಲ್ಲಿ ಸದ್ದಿದೆ. ಗುಂಯ್ ಅಂತಾ ಇದೆ. ಮಳೆಗಾಲದಲ್ಲಿ ಹೀಗೇ ಬರ್ತಿತ್ತು. ಕರೆಂಟಿನ ತಂತಿ ಎಲ್ಲೋ ತಗಲ್ತಾ ಇದೆ ಅಂತಲೇ ಅರ್ಥ."

ಕಿವಿಯಕ್ಕ ಮುಂದಕ್ಕೆ ಬಾಗಿ ಡಬ್ಬಿಯ ಪ್ಲಗ್ ಕಿತ್ತಳು.

"ಈಗ?"

"ಈಗ ಲೈನು ಕ್ಲಿಯರ್."

ಮತ್ತೆ ಹಾಕಿದಳು. "ಬಂತು." ಕಿತ್ತಳು. "ಹೋಯ್ತು. ಏನೇ, ಆಟ ಆಡ್ತೀಯಾ ನನ್ನ ಜೊತೆ?"

ಜೇನು ಕಿವಿಯಲ್ಲೂ ಇರಲಿಲ್ಲ, ಮಷಿನ್ನಿನಲ್ಲೂ ಇರಲಿಲ್ಲ. ಡಬ್ಬಿಯಲ್ಲಿತ್ತು. ಕಾರಿನ ಕರೆಂಟಿನ ಜೊತೆಗೇ ಒಂದು ಗುಂಯ್ ಕೂಡ ಲ್ಯಾಪ್‌ಟಾಪಿಗೆ ಹತ್ತಿ, ಕೂದಲೆಳೆಯ ವೈರಿನಲ್ಲಿ ಹರಿದು, ನೇರ ಗಿರಾಕಿಯ ಕಿವಿಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತ ಕಿವಿಯಕ್ಕನಿಗೆ ಅದು ಕೇಳುವ ಮಾತೇ ಇರಲಿಲ್ಲ. ಎರಡು ತಿಂಗಳಿಂದ ತಾನು ಜನರ ಕಿವಿಯಲ್ಲ, ಕಾರಿನ ತೂತನ್ನು ಹದ ಮಾಡುತ್ತಿದ್ದೆ ಎಂದು ಹೊಳೆದಾಗ ಅವಳ ಮುಖ ಕೆಂಪಾಯಿತು.

"ಈಗೇನು ಮಾಡ್ತೀಯ? ಸದ್ದಿಲ್ಲದೆ ಸರಿ ಮಾಡಿಬಿಡು, ಯಾರಿಗೆ ಗೊತ್ತಾಗತ್ತೆ" ಎಂದಳು ಅತ್ತೆ.

"ಅವರು ಐವತ್ತು ವರ್ಷದ ಕೆಲಸ ನಿಲ್ಲಿಸಿ ಕೂತಿದ್ದಾರೆ ಅತ್ತೆ. ಅವರ ಕಿವೀದೇ ತಪ್ಪು ಅಂತ ಅಂದ್ಕೊಂಡಿದ್ದಾರೆ. ಹೇಳಲೇಬೇಕು. ಆಮೇಲೆ ಉಳಿದವರಿಗೂ."

ಅತ್ತೆ ಸೊಸೆಯ ಮುಖವನ್ನೊಮ್ಮೆ ನೋಡಿ, "ಹೋಗು ಹಾಗಾದ್ರೆ. ಬೈದ್ರೆ ಜೋರಾಗಿ ಬೈಯೋಕೆ ಹೇಳು, ನನಗೂ ಕೇಳಿಸ್ಲಿ" ಎಂದಳು.

ಅಂಗಡಿಯಲ್ಲಿ ಮಾವ ಮೇಜಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದ. ಚಿಮುಟಗಳೆಲ್ಲ ಬಟ್ಟೆಯಲ್ಲಿ ಸುತ್ತಿದ್ದವು. ಕಿವಿಯಕ್ಕ ನಿಂತೇ ಎಲ್ಲ ಹೇಳಿದಳು: ಡಬ್ಬಿ, ಗುಂಯ್, ತಾನು ತೋಡಿದ ಹಳ್ಳ.

ಮಾವ ಮುಖ ಕೆಳಗೆ ಹಾಕಿದ. ಆಮೇಲೆ ಅವನ ಭುಜ ಕುಲುಕತೊಡಗಿತು. ನಗುತ್ತಿದ್ದ.

"ನಾನು ಅಂಗಡಿ ಇಟ್ಟ ಮೊದಲನೇ ವರ್ಷ, ರಿಪೇರಿ ಮಾಡಿಕೊಟ್ಟ ಗಡಿಯಾರ ಎಲ್ಲಾ ಮುಂದೆ ಓಡ್ತಿತ್ತು. ದಿನಕ್ಕೆ ಹತ್ತು ನಿಮಿಷ. ಒಬ್ಬೊಬ್ಬರದನ್ನೂ ಮತ್ತೆ ಬಿಚ್ಚಿ, ಮತ್ತೆ ಮುಚ್ಚಿ, ನನಗೆ ಹುಚ್ಚು ಹಿಡಿಯೋದು ಬಾಕಿ. ಕೊನೆಗೆ ನೋಡಿದ್ರೆ ಏನು? ಮೇಜಿನ ಕೆಳಗೆ ಹಳೇ ರೇಡಿಯೋದ ಸ್ಪೀಕರ್ ಇಟ್ಟಿದ್ದೆ. ಅದರ ಆಯಸ್ಕಾಂತ ಎಲ್ಲಾ ಗಡಿಯಾರದ ತಲೆ ಕೆಡಿಸ್ತಿತ್ತು! ನಾನು ಮಾತ್ರ ಯಾರಿಗೂ ಹೇಳ್ಲಿಲ್ಲ ನೋಡು. ನೀನು ಹೇಳಿದೆ." ಅವನು ಎದ್ದು ನಿಂತ. "ನಡಿ, ಸರಿ ಮಾಡು."

ಸರಿ ಮಾಡುವುದು ಹೇಳಿದಷ್ಟು ಸಲೀಸಾಗಿರಲಿಲ್ಲ. ಅಂಗಡಿಯೊಳಗೆ ಪಕ್ಕದ ಗರಗಸದ ಸದ್ದು, ಆಗದು. ಕಾರಿನಲ್ಲಿ ಡಬ್ಬಿ ಹಾಕುವಂತಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಗೋ ವಯಸ್ಸಾಗಿತ್ತು. ತುಂಬ ಚಾರ್ಜಾದರೂ ಪ್ಲಗ್ ಕಿತ್ತರೆ ಬದುಕುವುದು ಹನ್ನೊಂದು ನಿಮಿಷ. ಹದ ಮಾಡಲು ಬೇಕಾದದ್ದು ಅರ್ಧ ಗಂಟೆ.

ಅತ್ತೆ ದಾರಿ ಹೇಳಿದಳು. "ನಮ್ಮಲ್ಲಿ ದೂರದ ಊರಿಗೆ ಮೂರು ನಿಮಿಷದ ಕಾಲ್ ಬುಕ್ ಮಾಡೋರು, ಏನೇನು ಮಾತಾಡಬೇಕು ಅಂತ ಮೊದಲೇ ಚೀಟೀಲಿ ಬರ್ಕೊಂಡು ಬರೋರು. ಲೈನ್ ಸಿಕ್ಕಿದ ಮೇಲೆ ಯೋಚನೆ ಮಾಡೋರಿಗೆ ಟೈಮು ಸಾಲಲ್ಲ."

ಹಾಗೇ ಮಾಡಿದರು. ಎಂಜಿನ್ ಚಾಲೂ, ಡಬ್ಬಿ ಚಾಲೂ, ಬೇರೆ ಪ್ಲಗ್ಗುಗಳೆಲ್ಲ ಕಿತ್ತು ಲ್ಯಾಪ್‌ಟಾಪ್ ಒಂದಕ್ಕೇ ಕರೆಂಟು. ಅದು ತುಂಬುವಷ್ಟು ಹೊತ್ತು ಮಾವ, ಕಿವಿಯಕ್ಕ ಹಿಂದೆ ಕೂತು ಚೀಟಿ ಬರೆದರು. ಯಾವ ಗಡಿಯಾರದ ಸದ್ದು ಹೇಗೆ, ಹೆಂಗಸರ ಚಿಕ್ಕ ಗಡಿಯಾರದ್ದು ಎಷ್ಟು ಚೂಪು, ಗೋಡೆ ಗಡಿಯಾರದ್ದು ಎಷ್ಟು ಮೊಂಡು ಎಂದು ಮಾವ ಬಾಯಲ್ಲೇ ಟಕ್ ಟಿಕ್ ಮಾಡಿ ತೋರಿಸಿದ. ಅವಳು ಪ್ರತಿಯೊಂದಕ್ಕೂ ಗೆರೆಯ ಮೇಲಿನ ಜಾಗ ಗುರುತಿಸಿಕೊಂಡಳು. ಮಗಳು ಅಂಗಡಿಯಿಂದ ಒಂದು ಹಳೆಯ ಕೈಗಡಿಯಾರ ತಂದು ಅಪ್ಪನ ಕೈಯಲ್ಲಿಟ್ಟು ಹೋದಳು.

"ತುಂಬಿತು" ಎಂದಳು ಕಿವಿಯಕ್ಕ. ಎಂಜಿನ್ ನಿಂತಿತು. ಗಾಜು ಏರಿತು. ಅತ್ತೆ ಡಬ್ಬಿಯ ಪ್ಲಗ್ ಕಿತ್ತು ತನ್ನ ಮಡಿಲಲ್ಲಿಟ್ಟುಕೊಂಡಳು.

"ಹನ್ನೊಂದು."

ಹಳ್ಳ ತುಂಬಿತು. ಮಾವ ಗಡಿಯಾರ ಕಿವಿಗೊತ್ತಿದ. ತಲೆ ಅಲ್ಲಾಡಿಸಿದ, ಇಲ್ಲ. ಅವಳು ಬಲತುದಿಯನ್ನು ಏರಿಸಿದಳು.

"ಎಂಟು."

"ಏನೋ ಇದೆ... ಇರುವೆ ನಡೆದ ಹಾಗೆ."

ಇನ್ನಷ್ಟು. ಮಷಿನ್ ಕೀಚೆಂದು ಶಿಳ್ಳೆ ಹೊಡೆಯಿತು. ಮಾವ ಬೆಚ್ಚಿದ. ಅವಳು ಮಷಿನ್ನಿನ ರಬ್ಬರ್ ಮೆತ್ತೆಯನ್ನು ಕಿವಿಯೊಳಗೆ ಒತ್ತಿ ಸರಿಯಾಗಿ ಕೂರಿಸಿ, ಚೂರು ಇಳಿಸಿ, ಪಕ್ಕದ ದನಿಯನ್ನು ಏರಿಸಿದಳು.

"ನಾಲ್ಕು. ಬೇಗ ಮಾಡೇ, ಲೈನ್ ಕಟ್ಟಾಗತ್ತೆ."

"ಅತ್ತೆ, ಶ್!"

ಮಾವ ಕಣ್ಣು ಮುಚ್ಚಿದ್ದ. ಗಡಿಯಾರ ಬಲಗಿವಿಗೆ ಅಂಟಿಕೊಂಡಂತಿತ್ತು.

"ಕುಂಟ್ತಾ ಇದೆ" ಎಂದ ಮಾವ ಮೆಲ್ಲಗೆ.

ಕಿವಿಯಕ್ಕ ತೆರೆಯಿಂದ ತಲೆ ಎತ್ತಿದಳು. "ಮಷಿನ್ನಾ?"

"ಅಲ್ಲಮ್ಮ. ಗಡಿಯಾರ. ಟಿಕ್ ಉದ್ದ, ಟಕ್ ಗಿಡ್ಡ. ಒಂದು ಕಾಲು ಎಳೀತಾ ನಡೀತಾ ಇದೆ."

ಅವಳು ಉಳಿಸುವ ಗುಂಡಿ ಒತ್ತಿದಳು. ತೆರೆಯ ಮೇಲೆ 'ಉಳಿಸಲಾಗಿದೆ' ಎಂದು ಬಂದು, ಒಂದು ಕ್ಷಣ ನಿಂತು, ಲ್ಯಾಪ್‌ಟಾಪ್ ಕಪ್ಪಾಯಿತು. ಅತ್ತೆ ತನ್ನ ಕೈಗಡಿಯಾರ ನೋಡಿ, "ಇನ್ನೂ ಒಂದು ನಿಮಿಷ ಇತ್ತಲ್ಲ, ಕಳ್ಳ ಲ್ಯಾಪ್‌ಟಾಪು" ಎಂದು ಅದಕ್ಕೊಂದು ಗುದ್ದು ಕೊಟ್ಟಳು.

ಮಾವ ವೈರು ಬಿಚ್ಚಿಸಿಕೊಂಡು, ಹೇಳದೆ ಕೇಳದೆ ಇಳಿದು ಹೋದ. ಥ್ಯಾಂಕ್ಸೂ ಇಲ್ಲ, ಬರ್ತೀನಿ ಅಂತಲೂ ಇಲ್ಲ. ಗಡಿಯಾರ ಕಿವಿಯಲ್ಲೇ ಇತ್ತು. ಬೀದಿ ದಾಟುವಾಗ ಸೈಕಲ್ಲಿನವನೊಬ್ಬ ಬೆಲ್ ಹೊಡೆದರೆ, "ಏಯ್, ಸ್ವಲ್ಪ ಸುಮ್ಮನಿರೋ!" ಎಂದು ಗದರಿದ.

ಅಂಗಡಿಯ ಕಟ್ಟೆಯ ಬಳಿ ಹೆಂಗಸೊಬ್ಬಳು ಕರವಸ್ತ್ರದಲ್ಲಿ ಸುತ್ತಿದ ಗಡಿಯಾರ ಹಿಡಿದು ನಿಂತಿದ್ದಳು. "ನಿನ್ನೆ ಹೇಳಿದೆನಲ್ಲಮ್ಮ, ಅಪ್ಪ ಈಗ ರಿಪೇರಿ..." ಎಂದು ಮಗಳು ಶುರು ಮಾಡುವಷ್ಟರಲ್ಲಿ ಮಾವ ಅವಳ ಹಿಂದಿನಿಂದ ಕೈ ಚಾಚಿ ಆ ಗಂಟನ್ನು ತೆಗೆದುಕೊಂಡ. ಬಿಚ್ಚಿ, ಕೀಲಿ ಕೊಟ್ಟು, ಕಿವಿಗಿಟ್ಟುಕೊಂಡ.

"ಸೋಮವಾರ ಬನ್ನಿ" ಎಂದು ಹೇಳಿ, ಮೇಜಿಗೆ ಹೋಗಿ, ಚಿಮುಟಗಳ ಬಟ್ಟೆ ಬಿಚ್ಚತೊಡಗಿದ.